ಹಳೇ ಕಪ್, ಹೊಸ ಗುಂಡು


ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರದ ಅಧ್ಯಯನ ವರ್ಗದಲ್ಲಿ ಪದವಿ ಓದುತ್ತಿರುವ ನಮ್ಮ ತಂಗಿಯೊಬ್ಬಳು ಕೇಳಿದ ಪ್ರಶ್ನೆಗೆ ಅಂದು ಸಮಯ ಸಾಲಲಿಲ್ಲ. ಅವಳ ಪ್ರಶ್ನೆ ಹೀಗಿತ್ತು: "ಅಣ್ಣಾ, ನಮ್ಮ ಮನೆಯವರು ದೀಕ್ಷೆ ತಗೊಂಡು ಹದಿನೈದು ವರ್ಷ ಆಯ್ತು. ಊರಿಗೆ ಹೋದ್ರೆ ಇವತ್ತಿಗೂ ಹಳೇ ಹೆಸರಿಂದಲೇ ಗುರುತಿಸ್ತಾರೆ. ಕಾಲೇಜಿಗೆ ಕೊಡೋ ಜಾತಿ ಪ್ರಮಾಣಪತ್ರದಲ್ಲೂ ಅದೇ ಇದೆ. ಹಾಗಾದ್ರೆ ನಮ್ಮಲ್ಲಿ ಬದಲಾಗಿದ್ದು ಏನು?"

ಎಲ್ಲಾ ಬದಲಾಯಿತು ಎಂದರೆ ಅದು ಸುಳ್ಳು. ಏನೂ ಬದಲಾಗಲಿಲ್ಲ ಎಂದರೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜೊತೆ ನಿಂತದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಎರಡನ್ನೂ ಹೇಳಲಾಗದ ಪ್ರಶ್ನೆ ಇದು. ಈ ವಾರ ಅಪ್ಪನ ಹಳೆಯ ಸೈಕಲ್ ರಿಪೇರಿ ಮಾಡಿಸುವಾಗ ಇದರ ಬಗ್ಗೆ ಸ್ವಲ್ಪ ಯೋಚಿಸಿದೆ. ಅದನ್ನೇ ಇಂದು ಹಂಚಿಕೊಳ್ಳುತ್ತಿದ್ದೇನೆ.

ಅದು ಕಪ್ಪು ಬಣ್ಣದ ಅಟ್ಲಾಸ್ ಸೈಕಲ್. ಜೆ.ಪಿ. ನಗರ, ಬನಶಂಕರಿ ಬೆಳೆಯುತ್ತಿದ್ದ ಕಾಲದಲ್ಲಿ ಅಪ್ಪ ಗಾರೆ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದರು. ನಮ್ಮ ಹಿರಿಯರಿಗೆ ಸೈಕಲ್ ಅಂದರೆ ಬರೀ ಸವಾರಿಯಾಗಿರಲಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಮೇಲ್ಜಾತಿಯವರ ಬೀದಿ ಬಂದರೆ ನಮ್ಮವರು ಸೈಕಲ್‌ನಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ನಗರದಲ್ಲಿ ಇಳಿ ಅನ್ನುವವರಿರಲಿಲ್ಲ. ಆದ್ದರಿಂದ ಆ ಸೈಕಲ್ಲನ್ನು ಗುಜರಿಗೆ ಹಾಕಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ.

ಇತ್ತೀಚೆಗೆ ಪೆಡಲ್ ಒಂದು ಸುತ್ತು ಬಂದಾಗಲೆಲ್ಲ ಟಕ್ ಎಂದು ಶಬ್ದ ಬರುತ್ತಿತ್ತು. ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿದರೆ ಆ ಕಡೆ ಈ ಕಡೆ ಆಡುತ್ತಿತ್ತು. ಬನಶಂಕರಿ ಕಡೆಯ ಒಂದು ಸಣ್ಣ ಅಂಗಡಿಯ ಹಿರಿಯ ಮೆಕ್ಯಾನಿಕ್ ಅದನ್ನು ಬಿಚ್ಚಿದರು. ಕಾಟರ್ ಪಿನ್ ನಟ್ಟು ತೆಗೆದು, ಸುತ್ತಿಗೆಯಿಂದ ಪಿನ್ ಹೊಡೆದು, ಕ್ರ್ಯಾಂಕ್ ಎಳೆದರು. ಎಡಗಡೆಯ ಲಾಕ್ ರಿಂಗ್, ಕಪ್ ಬಿಚ್ಚಿದಾಗ ಕಪ್ಪು ಗ್ರೀಸಿನ ಜೊತೆ ಗುಂಡುಗಳು ತಟ್ಟೆಗೆ ಉದುರಿದವು. ಒಂದು ಬದಿಗೆ 11, ಎರಡೂ ಬದಿ ಸೇರಿ 22. (ನಮ್ಮವರು ಕೂಡಲೇ 22 ಪ್ರತಿಜ್ಞೆ ನೆನಪಿಸಿಕೊಳ್ಳುತ್ತಾರೆ. ಲೆಕ್ಕ ಹೊಂದಿತು ಅಷ್ಟೇ, ಇದರಲ್ಲಿ ಮಹಿಮೆಯೇನೂ ಇಲ್ಲ!)

ಗುಂಡು ಸವೆದಿವೆ, ಹೊಸದು ಹಾಕಿಬಿಡಿ ಎಂದೆ. ಅವರು ಕಪ್ಪಿನ ಒಳಭಾಗವನ್ನು ಬಟ್ಟೆಯಲ್ಲಿ ಒರೆಸಿ ನನ್ನ ಬೆರಳು ಹಿಡಿದು ಅಲ್ಲಿ ಆಡಿಸಿದರು. ನಯವಾಗಿರಬೇಕಾದ ಹಾದಿಯಲ್ಲಿ ಸಣ್ಣ ಸಣ್ಣ ಗುಳಿಗಳು. "ಗುಂಡು ಮಾತ್ರ ಹಾಕಿದ್ರೆ ಜಾಸ್ತಿ ದಿನ ಬರಲ್ಲ ಸಾರ್. ಹಳೇ ಕಪ್ಪು ಹೊಸ ಗುಂಡನ್ನ ತಿಂದುಬಿಡುತ್ತೆ" ಎಂದರು. ಆಕ್ಸಲ್ ಕೂಡ ಗುಂಡು ಓಡುವ ಜಾಗದಲ್ಲಿ ಹಾಗೆಯೇ ಆಗಿತ್ತು. ಕಪ್ಪು, ಆಕ್ಸಲ್, ಗುಂಡು, ಕಾಟರ್ ಪಿನ್ ಎಲ್ಲವನ್ನೂ ಬದಲಾಯಿಸಿದೆವು.

ಈಗ ತಂಗಿಯ ಪ್ರಶ್ನೆಗೆ ಬರೋಣ. ಈ ಸೈಕಲ್ಲಿನ ಟೈರು, ರಿಮ್ಮು, ಚೈನು, ಸೀಟು ಹಿಂದೆಯೇ ಬದಲಾಗಿವೆ. ಈಗ ನಡುಭಾಗವೂ ಹೋಯಿತು. ಬಿಡಿಭಾಗಗಳನ್ನು ಮಾಡಿದವರು ಒಬ್ಬರಲ್ಲ, ಹಲವರು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದು, ನಿಂತುಹೋಯಿತು. ಆದರೂ ನಾವು "ಅಪ್ಪನ ಅಟ್ಲಾಸ್" ಅನ್ನುತ್ತೇವೆ. ಹಾಗಾದರೆ "ಅಪ್ಪನ ಅಟ್ಲಾಸ್" ಎಲ್ಲಿದೆ? ಚಕ್ರದಲ್ಲಿದೆಯೇ, ಹ್ಯಾಂಡಲ್‌ನಲ್ಲಿದೆಯೇ, ಫ್ರೇಮ್‌ನಲ್ಲಿದೆಯೇ?

ಇದು ಹೊಸ ಪ್ರಶ್ನೆಯಲ್ಲ. ಕ್ರಿ.ಪೂ. ಎರಡನೇ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ದೊರೆ ಮಿಲಿಂದನಿಗೆ ಭಂತೆ ನಾಗಸೇನರು ರಥದ ಬಗ್ಗೆ ಇದನ್ನೇ ಕೇಳಿದರು ಎಂದು ಮಿಲಿಂದಪಞ್ಹದಲ್ಲಿದೆ. ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಒಂದೊಂದಕ್ಕೂ ರಾಜ ಅಲ್ಲ ಅನ್ನಬೇಕಾಯಿತು. ಭಾಗಗಳು ಕೂಡಿದಾಗ ಬಳಕೆಗಾಗಿ ಇಟ್ಟ ಹೆಸರು ರಥ, ಅದರಾಚೆ ಒಳಗೆ ಅಡಗಿ ಕುಳಿತ ರಥವೊಂದಿಲ್ಲ. ಇದೇ ಉಪಮೆಯನ್ನು ಸಂಯುತ್ತ ನಿಕಾಯದಲ್ಲಿ ಭಿಕ್ಖುಣಿ ವಜಿರಾ ಮಾರನಿಗೆ ಉತ್ತರವಾಗಿ ಹೇಳುತ್ತಾಳೆ. ಮನುಷ್ಯನ ವಿಷಯದಲ್ಲೂ ಹೀಗೆಯೇ. ದೇಹ, ವೇದನೆ, ಗ್ರಹಿಕೆ, ಸಂಸ್ಕಾರ, ಅರಿವು ಕೂಡಿ ನಡೆಯುವುದಕ್ಕೆ ಒಂದು ಹೆಸರು. ಅದರೊಳಗೆ ಎಂದೂ ಬದಲಾಗದ ಆತ್ಮವಿಲ್ಲ. ಇದೇ ಅನತ್ತ.

ಇದನ್ನು ಪಂಡಿತರ ಚರ್ಚೆ ಎಂದು ನಾವು ಪಕ್ಕಕ್ಕಿಡುವಂತಿಲ್ಲ. ಜಾತಿಯ ಇಡೀ ವಾದ ನಿಂತಿರುವುದು ಒಂದೇ ನಂಬಿಕೆಯ ಮೇಲೆ: "ನೀನು ಓದು, ದುಡಿ, ಬಟ್ಟೆ ಬದಲಿಸು, ಊರು ಬಿಡು, ಒಳಗಿರುವವನು ಮಾತ್ರ ಅವನೇ." ಹುಟ್ಟಿನೊಂದಿಗೆ ಬಂದ, ತೊಳೆದರೂ ಹೋಗದ ಏನೋ ಒಂದು ಒಳಗಿದೆ ಅನ್ನುವುದು ಆ ವಾದ. ಅದಕ್ಕೆ ಹಿಂದಿನ ಜನ್ಮದ ಕರ್ಮದ ಲೇಪ ಬೇರೆ. ಬುದ್ಧರು ಆ ಒಳಗಿನವನನ್ನೇ ಹುಡುಕಿ, ಅಂಥವನಿಲ್ಲ ಎಂದರು. 1957ರಲ್ಲಿ, ಬಾಬಾಸಾಹೇಬರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಅವರ ಧಮ್ಮ'ದಲ್ಲಿ ಅವರು ಆತ್ಮದ ನಂಬಿಕೆಯನ್ನು ಅಷ್ಟು ಬಲವಾಗಿ ತಳ್ಳಿಹಾಕಿದ್ದು ಇದಕ್ಕೇ ಎಂದು ನನ್ನ ಭಾವನೆ. ಕೂರಲು ಆತ್ಮವೇ ಇಲ್ಲದಿದ್ದರೆ ಜಾತಿ ಎಲ್ಲಿ ಕೂರುತ್ತದೆ? "ಮತ ಬದಲಾಯಿಸಿದರೂ ನೀವು ಅವರೇ ಅಲ್ಲವೇ" ಎಂದು ಯಾರಾದರೂ ಕೇಳಿದರೆ ನಾವು ಕೋಪಿಸಿಕೊಳ್ಳಬೇಕಿಲ್ಲ. "ನೀವೂ ಅವರೇ ಅಲ್ಲ, ನಾನೂ ಅವನೇ ಅಲ್ಲ" ಎಂದು ಸಮಾಧಾನವಾಗಿ ಹೇಳಬಹುದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಧಮ್ಮ ಹೇಳಿದಂತೆ. ಒಳಗೆ ಸ್ಥಿರವಾದದ್ದು ಏನೂ ಇಲ್ಲ ಎಂದರೆ, ಹಳೆಯದು ತಾನಾಗಿ ಅಳಿಯಿತು ಎಂದಲ್ಲ. ಆತ್ಮವಿಲ್ಲ, ಕಾರಣ-ಪರಿಣಾಮ ಇದೆ. ಹಳೇ ಕಪ್ಪಿನ ಗುಳಿ ಹೊಸ ಗುಂಡಿಗೂ ಗುಳಿ ಬೀಳಿಸುತ್ತದೆ. ಪಟಿಚ್ಚ ಸಮುಪ್ಪಾದವನ್ನು ಇದಕ್ಕಿಂತ ಸರಳವಾಗಿ ಹೇಳುವುದು ನನಗೆ ಗೊತ್ತಿಲ್ಲ.

ನಾವು ತೆಗೆದುಕೊಂಡ 22 ಪ್ರತಿಜ್ಞೆಗಳು ಹೊಸ ಗುಂಡುಗಳು. ಅವು ಓಡಬೇಕಾದ ಹಾದಿ ನಮ್ಮ ಮನೆ, ನಮ್ಮ ಮಾತು, ನಮ್ಮ ಸಂಬಂಧಗಳು. ಅಲ್ಲಿ ಹಳೇ ಗುಳಿಗಳಿಲ್ಲವೇ? ಪಂಚಶೀಲ ಹೇಳಿ ಮದುವೆ ಮಾಡುತ್ತೇವೆ, ಆದರೆ ಹೆಣ್ಣು ನೋಡುವ ಮೊದಲು "ಅವರು ಎಡಗೈನವರಾ, ಬಲಗೈನವರಾ" ಎಂದು ಮೆಲ್ಲಗೆ ವಿಚಾರಿಸುತ್ತೇವೆ. ಒಳಮೀಸಲಾತಿ ಪಾಲು ಹಂಚಿಕೆಯ ನ್ಯಾಯದ ಪ್ರಶ್ನೆ, ಅದನ್ನು ಇದರ ಜೊತೆ ಬೆರೆಸಬೇಡಿ. ನಾನು ಹೇಳುತ್ತಿರುವುದು ನೆಂಟಸ್ತಿಕೆಯಲ್ಲಿ ಎಡ-ಬಲ ಕೇಳುವ ಚಾಳಿಯ ಬಗ್ಗೆ. ಜಾತಿ ಅಳಿಯಬೇಕಾದರೆ ಅಂತರ್ಜಾತಿ ಮದುವೆಗಳೇ ನಿಜವಾದ ಮದ್ದು ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಾದಿಸಿದ್ದರು. ಆ ಮಾತು ಮೇಲ್ಜಾತಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ನಾವು ಹೇಗೆ ಅಂದುಕೊಂಡೆವು? ಸಮಾನತೆಯ ಮೇಲೆ ಒಂದು ಗಂಟೆ ಭಾಷಣ ಮಾಡಿ, ಉಂಡ ತಟ್ಟೆಯನ್ನು ಹೆಂಡತಿ ತೆಗೆಯಲಿ ಎಂದು ಕೂರುವುದೂ ಅಂಥದ್ದೇ ಗುಳಿ.

ಇನ್ನೊಂದು ವಿಷಯ. ಶಬ್ದ ಬರುವ ಜಾಗ ಬೇರೆ, ಕಾರಣ ಇರುವ ಜಾಗ ಬೇರೆ. ಟಕ್ ಅನ್ನುವುದು ಕಾಲಿಗೆ ಗೊತ್ತಾಗುತ್ತದೆ, ಹಾಗಾಗಿ ಜನ ಮೊದಲು ಪೆಡಲ್ ಬದಲಾಯಿಸುತ್ತಾರೆ. ಬಿಚ್ಚಿ ನೋಡದೆ ಒಳಗಿನ ಕಪ್ಪು ಕಾಣುವುದಿಲ್ಲ. ದುಃಖ ಇದೆ ಎಂದು ಹೇಳಿದ ಬುದ್ಧರು ಅಲ್ಲಿಗೇ ನಿಲ್ಲದೆ ಅದರ ಕಾರಣ ಹುಡುಕಿದ್ದು ಇದಕ್ಕೇ. ಅಂದ ಹಾಗೆ, ನಿಘಂಟುಕಾರ ಮೋನಿಯರ್ ವಿಲಿಯಮ್ಸ್ ಅವರು 'ಸುಖ' ಪದಕ್ಕೆ ಮೂಲದಲ್ಲಿ 'ಅಚ್ಚಿನ ರಂಧ್ರ ಚೆನ್ನಾಗಿರುವುದು' ಎಂಬ ಅರ್ಥವಿತ್ತೆಂದು ಹೇಳುತ್ತಾರೆ ಎಂದು ದಾಖಲಿಸಿದ್ದಾರೆ. ಬೇರೆ ವ್ಯುತ್ಪತ್ತಿಯೂ ಸಾಧ್ಯ ಎಂದಿದ್ದಾರೆ. ಪದದ ಕಥೆ ಏನೇ ಇರಲಿ, ಅಚ್ಚು ಸರಿಯಾಗಿ ಕೂರದ ಗಾಡಿಯಲ್ಲಿ ಕೂತವರಿಗೆಲ್ಲ ದುಃಖ ಅಂದರೇನು ಎಂದು ಗೊತ್ತು.

ಇನ್ನು ಪ್ರಮಾಣಪತ್ರದ ಮಾತು. ಸೈಕಲ್ ಫ್ರೇಮಿನ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಆ ನಂಬರ್ ಸೈಕಲ್ಲಿನ ಗುಣ ಹೇಳುವುದಿಲ್ಲ. ಕಳುವಾದರೆ ಇದು ನನ್ನದು ಎಂದು ಕೇಳಿ ಪಡೆಯಲು ಅದು ಬೇಕು. ನಮ್ಮ ಪ್ರಮಾಣಪತ್ರವೂ ಅಷ್ಟೇ. ಅದು ನಮ್ಮ ಒಳಗಿನ ಸ್ವರೂಪದ ದಾಖಲೆಯಲ್ಲ. ನಮ್ಮಿಂದ ತಲೆಮಾರುಗಳ ಕಾಲ ಕಿತ್ತುಕೊಂಡದ್ದರ ದಾಖಲೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಬೌದ್ಧರಾದವರಿಗೆ ಜಾಗವಿರಲಿಲ್ಲ. ದೀಕ್ಷೆಯ 34 ವರ್ಷಗಳ ನಂತರ, 1990ರಲ್ಲಿ ಕಾನೂನು ತಿದ್ದುಪಡಿಯಾಗಿ ಅದು ದೊರೆಯಿತು. ಧರ್ಮ ಬದಲಾದ ಮಾತ್ರಕ್ಕೆ ಸಮಾಜ ಮಾಡಿದ ಅನ್ಯಾಯದ ಪರಿಣಾಮ ಮಾಯವಾಗುವುದಿಲ್ಲ ಎಂಬುದನ್ನು ಕಾನೂನು ಒಪ್ಪಿಕೊಂಡಿತು. ಆದ್ದರಿಂದ ತಂಗೀ, ಆ ಕಾಗದವನ್ನು ನಾಚಿಕೆಯಿಂದ ಮಡಚಿ ಕೊಡಬೇಡ. ಹಾಗೆಯೇ ಅದನ್ನು ನೀನು ಎಂದೂ ತಿಳಿಯಬೇಡ. ಕಾಗದ ಬೇಕಾದ ಕಡೆ ಕಾಗದ ಇರಲಿ, ಮನಸ್ಸಿನಲ್ಲಿ ಅದಕ್ಕೆ ಜಾಗ ಕೊಡಬೇಡ.

ಕೊನೆಯದಾಗಿ, ಬದಲಾಯಿಸುವ ರೀತಿಯ ಬಗ್ಗೆ. ಆ ದಿನ ಎಡಗಡೆ ಕಪ್ಪು ಬೇಗ ಬಂತು. ಬಲಗಡೆ ಕಪ್ಪು ಮಾತ್ರ ಬಿಡಲಿಲ್ಲ. ಅಂಗಡಿಯ ಹುಡುಗ ಸ್ಪ್ಯಾನರ್ ಹಾಕಿ ಎಲ್ಲಾ ನಟ್ಟಿನಂತೆ ತಿರುಗಿಸಲು ಹೋದಾಗ ಹಿರಿಯರು ಕೈ ಹಿಡಿದರು. "ಅದರ ಮರೆ ಉಲ್ಟಾ ಕಣಪ್ಪ. ನೀನು ಬಲ ಹಾಕಿದಷ್ಟೂ ಬಿಗಿಯಾಗುತ್ತೆ." ಚೈನಿರುವ ಬದಿಯ ಕಪ್ಪು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಪ್ರಯತ್ನ ಇದ್ದರೆ ಸಾಲದು, ದಿಕ್ಕೂ ಸರಿ ಇರಬೇಕು. ಸಮ್ಮಾ ವಾಯಾಮದಲ್ಲಿ 'ಸಮ್ಮಾ' ಎಂಬ ಪದ ಸುಮ್ಮನೆ ಇಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಯೋ ಅವ್ವನೋ ಇನ್ನೂ ಒಂದು ದೇವರ ಫೋಟೋ ಇಟ್ಟುಕೊಂಡಿರುತ್ತಾರೆ. ಮಗ ಗೋಡೆಯಿಂದ ಕಿತ್ತೆಸೆದರೆ ಅದು ಅವ್ವನ ಸೆರಗಿನೊಳಗೆ ಸೇರುತ್ತದೆ, ಇನ್ನೂ ಬಿಗಿಯಾಗುತ್ತದೆ. ಪ್ರತಿಜ್ಞೆ ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಪ್ರತಿಜ್ಞೆ ನಾವು ಬಿಗಿಯಾಗಿ ಪಾಲಿಸೋಣ. ಅವರಿಗೆ ಬಂದು ನೋಡಿ ಎಂದು ಕರೆಯುವುದು ಧಮ್ಮದ ರೀತಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಕ್ಕ ಕೂತು ಅವರ ಭಯ ಏನೆಂದು ಕೇಳಿ. ಅವ್ವನ ಕೈ ಬಿಗಿ ಹಿಡಿದಿರುವುದು ಫೋಟೋವನ್ನಲ್ಲ, ಭಯವನ್ನು. ಭಯ ಸಡಿಲವಾದರೆ ಫೋಟೋ ತಾನೇ ಕೆಳಗಿಳಿಯುತ್ತದೆ.

ಹಾಗೆಂದು ಹಳೆಯದನ್ನೆಲ್ಲ ಬಿಸಾಡಬೇಕೆಂದೂ ಅಲ್ಲ. ಫ್ರೇಮು ಗಟ್ಟಿ ಇದ್ದರೆ ಮೆಕ್ಯಾನಿಕ್ ಅದನ್ನು ಮುಟ್ಟುವುದಿಲ್ಲ. ನಮ್ಮ ಹಿರಿಯರ ದುಡಿಮೆ, ಹಂಚಿ ಉಣ್ಣುವ ಗುಣ, ತಮಟೆಯ ಲಯ, ಅವಮಾನ ನುಂಗಿಯೂ ಮಕ್ಕಳನ್ನು ಓದಿಸಿದ ಛಲ, ಇವು ಸವೆದ ಭಾಗಗಳಲ್ಲ. ನಮ್ಮ ಭಾರ ಹೊತ್ತಿರುವುದೇ ಇವು.

ತಂಗಿಗೆ ನನ್ನ ಉತ್ತರ ಇಷ್ಟು: ದೀಕ್ಷೆಯ ದಿನ ಬದಲಾದದ್ದು ದಿಕ್ಕು. ಉಳಿದ ಭಾಗಗಳನ್ನು ಒಂದೊಂದಾಗಿ ನಾವೇ ಬಿಚ್ಚಿ ನೋಡಿ ಬದಲಾಯಿಸಬೇಕು. ಅದನ್ನು ನಮಗಾಗಿ ಮಾಡಿಕೊಡುವ ದೇವರಿಲ್ಲ, ಬೇಡವೆಂದು ತಡೆಯುವ ಹಣೆಬರಹವೂ ಇಲ್ಲ. ಈ ಎರಡೂ ಇಲ್ಲದಿರುವುದೇ ನಮ್ಮ ಸ್ವಾತಂತ್ರ್ಯ.

ಈ ವಾರದ ಅಭ್ಯಾಸ: ಮನೆಯವರೆಲ್ಲ ಒಟ್ಟಿಗೆ ಕೂತು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಮನೆಯಲ್ಲಿ ಹೊಸ ಗುಂಡನ್ನು ತಿನ್ನುತ್ತಿರುವ ಹಳೇ ಕಪ್ಪು ಯಾವುದು? ಹೆಸರಿಸಿದ ಮೇಲೆ ಅದನ್ನು ಬಿಚ್ಚುವ ಸರಿಯಾದ ದಿಕ್ಕು ಯಾವುದು ಎಂದು ಮಾತಾಡಿಕೊಳ್ಳೋಣ. ಭಾನುವಾರದ ವರ್ಗದಲ್ಲಿ, ಇಷ್ಟವಿದ್ದವರು ಹಂಚಿಕೊಳ್ಳಿ.

ಸರ್ವರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.