ಕೊಲ್ಲುವಲ್ಲಿಯೂ ವಿವೇಕ



ಕೊಲ್ಲುವ ಮದ್ದಿನಲ್ಲಿ ಕರುಣೆಯಿರಲು ಸಾಧ್ಯವೆ? ಕ್ಯಾನ್ಸರ್ ರೋಗದ ಹಳೆಯ ಔಷಧಿಗಳು ಬೇಗಬೇಗನೆ ವಿಭಜನೆಗೊಳ್ಳುವ ಜೀವಕೋಶಗಳನ್ನೆಲ್ಲ ಹೊಡೆಯುತ್ತವೆ. ಆದುದರಿಂದಲೇ ಗಡ್ಡೆಯೊಡನೆ ತಲೆಗೂದಲೂ ಕರುಳಿನ ಒಳಪದರವೂ ರಕ್ತವನ್ನು ಹುಟ್ಟಿಸುವ ಮಜ್ಜೆಯೂ ಪೆಟ್ಟು ತಿನ್ನುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ತಂಡವು ರೂಪಿಸಿದ ‘ಡಿಸಾರಿಬ್’ ಎಂಬ ಕೃತಕ ಅಣುವಿನ ಮಾರ್ಗ ಬೇರೆ. ಸಾಯಬೇಕಾದ ಕೋಶವನ್ನು ಸಾಯಗೊಡದೆ ಕಾಯುವ ಬಿಸಿಎಲ್-2 ಎಂಬ ಪ್ರೋಟೀನು ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಮಿತಿಮೀರಿರುತ್ತದೆ. ಈ ಅಣು ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ; ಅದು ವಿರಳವಾಗಿರುವ ಕೋಶಕ್ಕೆ ಹೆಚ್ಚಿನ ಘಾಸಿಯಿಲ್ಲ. ಇದು ಪ್ರಯೋಗಶಾಲೆಯಲ್ಲಿ, ಇಲಿಗಳಲ್ಲಿ ಕಂಡ ಫಲ. ಅದೇ ಪ್ರೋಟೀನನ್ನು ತಡೆಯುವ ವೆನೆಟೊಕ್ಲಾಕ್ಸ್ 2016ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಮಾನ್ಯತೆ ಪಡೆಯಿತು.

ಕೆಟ್ಟುದನ್ನು ಕೆಡದುದರಿಂದ ಬೇರ್ಪಡಿಸಿ ನೋಡುವ ಈ ವಿವೇಕ ನಮಗೂ ಬೇಕಲ್ಲವೆ? ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಅನ್ನವಿತ್ತ ಬೆಳೆ ಅಡಿಕೆ. ಅಡಿಕೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ನಮ್ಮ ಜೀವನೋಪಾಯವೆಂಬ ಕಾರಣಕ್ಕೆ ಆ ಮಾತನ್ನು ಅಲ್ಲಗಳೆಯುವುದು ಸತ್ಯಕ್ಕೆ ಮಾಡುವ ದ್ರೋಹ. ತೋಟವನ್ನೇ ಕಡಿಯಿರೆಂದು ರೈತನ ಕೊರಳು ಹಿಡಿಯುವುದಾದರೋ ಹಳೆಯ ಮದ್ದಿನಂಥ ಕುರುಡು ಏಟು. ಏಟು ಬೀಳಬೇಕಾದುದು ಜಗಿಯುವ ಚಟಕ್ಕೆ. ಉಳಿಯಬೇಕಾದುದು ಬೆಳೆದವನ ಬದುಕು. ಮಕ್ಕಳನ್ನು ಚಟದಿಂದ ದೂರವಿಡುವುದೂ ತೋಟದಲ್ಲಿ ಬೇರೆ ಬೆಳೆಗೆ ಎಡೆ ಮಾಡುವುದೂ ಇಂದೇ ಮೊದಲಾಗಬಹುದು.

ಅಣುವಿಗೆ ಕಲಿಸಿದ ವಿವೇಕವನ್ನು ಮನುಷ್ಯ ತಾನು ಕಲಿಯದಿದ್ದರೆ ಆ ವಿದ್ಯೆಯಿಂದ ಫಲವೇನು?