ಠೇವಣಿ ಇಟ್ಟ ಮಾತು

ಕಾನೂನು ಓದುವ ಮಕ್ಕಳು ಈಗ ನಮ್ಮ ಗಡಿನಾಡಿನ ಮನೆಗಳಲ್ಲೂ ಇದ್ದಾರೆ. ಪದವಿ ಕೈಗೆ ಬರುವ ಮೊದಲು ಅವರು ಇಂಟರ್ನ್‌ಶಿಪ್ ಎಂಬ ಕಲಿಕೆಯ ಸೇವೆಯನ್ನು ಮಾಡಲೇಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಮೂರು ವರ್ಷದ ತರಗತಿಯವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ ಎಂದು ಗೊತ್ತುಪಡಿಸಿದವು. ಯಾವ ವರ್ಷದಲ್ಲೂ ಎಡೆಬಿಡದೆ ನಾಲ್ಕು ವಾರ ಮೀರಬಾರದು ಎಂದೂ ಹೇಳಿದವು. ವಕೀಲರ ಕಚೇರಿ, ನ್ಯಾಯಾಲಯಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳೂ ಆ ಪಟ್ಟಿಯಲ್ಲಿವೆ. ಹೀಗಿರುವಾಗ ಮಗಳೊಬ್ಬಳು, “ಅಪ್ಪಾ, ಹಿಜಡಾಗಳ, ಸಲಿಂಗಪ್ರೇಮಿಗಳ ಹಕ್ಕಿಗಾಗಿ ದುಡಿಯುವ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನಾಲ್ಕು ವಾರ ಇದ್ದು ಬರುತ್ತೇನೆ” ಎಂದರೆ ಮನೆಯ ಹಿರಿಯರು ಏನೆನ್ನಬೇಕು?

ಸಾಮಾನ್ಯವಾಗಿ ಎರಡು ಆಕ್ಷೇಪಗಳು ಬರುತ್ತವೆ. ಅದು ನಮಗೆ ಸಂಬಂಧಪಟ್ಟ ವಿಷಯವಲ್ಲ ಎಂಬುದು ಒಂದು. ನಾಲ್ಕು ಜನ ಏನೆಂದಾರು ಎಂಬುದು ಮತ್ತೊಂದು. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ: ನಾಲ್ಕು ವಾರ ಬಂದುಹೋಗುವ ವಿದ್ಯಾರ್ಥಿಗೆ ಪರರ ನೋವನ್ನು ಬರೆದುಕೊಳ್ಳುವ ಅಧಿಕಾರ ಎಲ್ಲಿಂದ ಬಂತು?

ಮೊದಲನೆಯದನ್ನು ನೋಡೋಣ. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು 377ನೇ ವಿಧಿಯನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಇಂಥವರು ದೇಶದ ಜನಸಂಖ್ಯೆಯಲ್ಲಿ ಅತ್ಯಲ್ಪ ಭಾಗ ಎಂಬುದು. ಗಡಿನಾಡಿನ ಕನ್ನಡಿಗರಿಗೆ ಈ ಲೆಕ್ಕ ಹೊಸತೇ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಲಾಗಾಯ್ತು, ಕನ್ನಡದ ಅಧ್ಯಾಪಕರು ಬೇಕು, ಕನ್ನಡದ ಅರ್ಜಿ ನಮೂನೆ ಬೇಕು ಎಂದಾಗಲೆಲ್ಲ “ನೀವು ಎಷ್ಟು ಮಂದಿ ಇದ್ದೀರಿ?” ಎಂಬ ಪ್ರಶ್ನೆ ಎದುರಾಗುತ್ತದೆ. ಹಕ್ಕು ತಲೆಯೆಣಿಕೆಯಿಂದ ಹುಟ್ಟುವುದಿಲ್ಲ ಎಂದೇ ನಾವು ಉತ್ತರ ಕೊಡುತ್ತ ಬಂದಿದ್ದೇವೆ. ಅದೇ ಮಾತನ್ನು 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು ಹೇಳಿ, ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ನಮಗಾಗಿ ಬಳಸುವ ತರ್ಕವನ್ನು ಇನ್ನೊಬ್ಬರಿಗೆ ನಿರಾಕರಿಸಿದರೆ ಅದು ತರ್ಕವಾಗಿ ಉಳಿಯದು, ಬರೇ ಸ್ವಾರ್ಥವಾದೀತು.

ಆದರೆ ಎರಡೂ ಒಂದೇ ಎನ್ನಲೂ ಬಾರದು. ಕನ್ನಡದ ಮಗು ಶಾಲೆಯಲ್ಲಿ ಒಂಟಿಯಾದರೂ ಸಂಜೆ ಮನೆಗೆ ಬಂದರೆ ಅಮ್ಮನ ಮಾತು ಕನ್ನಡವೇ. ಈ ಮಕ್ಕಳಾದರೋ ಸ್ವಂತ ಮನೆಯೊಳಗೇ ಅಲ್ಪಸಂಖ್ಯಾತರು. ಅವರ ನೋವನ್ನು ಕೇಳಲು ಹೊರಗಿನವರು ಬೇಕಾಗುವುದು ಇದರಿಂದಲೇ.

ಇನ್ನು ಮರ್ಯಾದೆಯ ಮಾತು. ನಾನು ಉದ್ಯೋಗದಲ್ಲಿರುವ ಗೋವೆಯ ವೆರ್ಣಾ, ಮಹಾಲಸಾ ದೇವಿಯ ಮೂಲಸ್ಥಾನ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಾವಳಿಗೆ ದೇವಿಯನ್ನು ಮಾರ್ದೋಳಕ್ಕೆ ಒಯ್ದರು. ಈಗ ವೆರ್ಣಾದ ಹಳೆಯ ನೆಲದಲ್ಲೂ ಗುಡಿ ಮತ್ತೆ ಎದ್ದಿದೆ. ಮಹಾಲಸೆ ಎಂದರೆ ಮೋಹಿನಿ, ಹೆಣ್ಣಾಗಿ ಬಂದ ನಾರಾಯಣ. ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಉತ್ತರ ಕರ್ನಾಟಕದ ಕಾರ್ಮಿಕರಿಗೆ ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರೂ ಅಪರಿಚಿತರಲ್ಲ. ಆ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಪುರಾಣದಲ್ಲಿದೆ, ಆದ್ದರಿಂದ ನಾವು ಉದಾರಿಗಳು ಎಂದು ಬೀಗಲು ಇದನ್ನು ಹೇಳುತ್ತಿಲ್ಲ. ಗುಡಿಯಲ್ಲಿ ಕೈಮುಗಿದು ಬಂದವರೇ ಬಾಡಿಗೆಗೆ ಕೋಣೆ ಕೇಳಿದರೆ ಕದ ಮುಚ್ಚುವುದೂ ಇದೆ. ಕೈಮುಗಿಯುವುದರಿಂದ ಕೆಡದ ಮರ್ಯಾದೆ, ಕಷ್ಟ ಕೇಳುವುದರಿಂದ ಹೇಗೆ ಕೆಟ್ಟೀತು ಎಂದಷ್ಟೇ ನನ್ನ ಪ್ರಶ್ನೆ.

ಇಂಥ ಕೆಲಸದಿಂದ ಏನಾಯಿತು ಎಂದು ಕೇಳುವವರಿಗೆ ಉತ್ತರವಿದೆ. ಪಿಯುಸಿಎಲ್ ಸಂಸ್ಥೆಯ ಕರ್ನಾಟಕ ಶಾಖೆಯು 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಹಕ್ಕುಚ್ಯುತಿಯ ಬಗ್ಗೆ ಸತ್ಯಶೋಧನಾ ವರದಿಯೊಂದನ್ನು ಹೊರತಂದಿತು. 2003ರಲ್ಲಿ ಬೆಂಗಳೂರಿನ ಹಿಜಡಾ ಮತ್ತು ಕೋತಿ ಸಮುದಾಯಗಳ ಲೈಂಗಿಕ ಕಾರ್ಮಿಕರ ಕುರಿತು ಇನ್ನೊಂದು ಬಂತು. ಬೀದಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಮನೆಯಲ್ಲಿ ನಡೆದುದನ್ನು ಕೇಳಿ, ತಾಳೆ ನೋಡಿ, ಬರೆದ ಪುಟಗಳು ಅವು. 2004ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಹಿಜಡಾ ಅನುಭವಿಸಿದ ಚಿತ್ರಹಿಂಸೆಯ ವಿವರವು ದಿಲ್ಲಿ ಉಚ್ಚ ನ್ಯಾಯಾಲಯದ 2009ರ ಜುಲೈ 2ರ ತೀರ್ಪಿನೊಳಗೇ ಇದೆ. ಯಾರೋ ಕೇಳಿ ಬರೆಯದೇ ಇರುತ್ತಿದ್ದರೆ ಅದು ದಿಲ್ಲಿಯವರೆಗೆ ತಲುಪುತ್ತಿರಲಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನ್ನಂಥವನಿಗೂ ಇದರ ಫಲ ಕಾಣುತ್ತದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಮೂರನೆಯ ಲಿಂಗವನ್ನು ಮಾನ್ಯಮಾಡಿತು. ಮರುವರ್ಷ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂದು ನಮ್ಮ ನಮೂನೆಗಳಲ್ಲಿ ಅದಕ್ಕೊಂದು ಚೌಕ ಸೇರಿತು. ಒಲಿದು ಒಟ್ಟಿಗೆ ಬಾಳುವ ಇಂಥ ಇಬ್ಬರು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಸ್ಪಷ್ಟಪಡಿಸಿತು. ಚೌಕ ಸಣ್ಣದು, ನಿಜ. ಆದರೆ ಅದಿಲ್ಲದ ಕಾಲದಲ್ಲಿ ಖಾತೆ ತೆರೆಯಲು ಬಂದವರು ಮೊದಲ ಸಾಲಿನಲ್ಲೇ ಸುಳ್ಳು ಬರೆಯಬೇಕಿತ್ತು.

ಈಗ ಮೂರನೆಯ ಪ್ರಶ್ನೆ. ಉದ್ದೇಶ ಒಳ್ಳೆಯದಾದರೆ ಸಾಕು, ಕತೆಗಳು ಸಿಕ್ಕಷ್ಟೂ ಒಳ್ಳೆಯದು ಎನ್ನುವವರಿದ್ದಾರೆ. ಇದು ಸರಿಯಲ್ಲ. ಹೊಡೆತ ತಿಂದವರನ್ನು ಹೊಡೆತದ ಬಗ್ಗೆ ಹತ್ತು ಸಲ ಹೇಳಿಸುವುದೂ ಒಂದು ಬಗೆಯ ಹೊಡೆತವೇ. ಹೊರಗಿನವರು ಬರೆಯುವುದೇ ಬೇಡ, ಅನುಭವಿಸಿದವರೇ ಬರೆಯಲಿ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಅನುಭವಿಸಿದವರ ಬರಹವೇ ಮೊದಲಿನದು. ಆದರೆ ಹೆಸರು ಹೊರಬಿದ್ದರೆ ಕೆಲಸವನ್ನೂ ಕೋಣೆಯನ್ನೂ ಕಳೆದುಕೊಳ್ಳುವವನು ತಾನೇ ಬರೆಯಬೇಕೆಂದರೆ, ಮೌನವಾಗಿರು ಎಂದಂತೆಯೇ ಆಗುತ್ತದೆ. ಒಂದೇ ಕೋಣೆಯಲ್ಲಿ ಊರವರ ಜೊತೆ ನಾಲ್ಕಾರು ಮಂದಿ ಮಲಗುವ ಕಾರ್ಮಿಕನಿಗೆ ಗುಟ್ಟು ಇಟ್ಟುಕೊಳ್ಳಲು ಒಂದು ಪೆಟ್ಟಿಗೆಯ ಜಾಗವೂ ಇರುವುದಿಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ಪಾಠ ಉಪಯೋಗಕ್ಕೆ ಬರಬಹುದು. ಗಿರಾಕಿ ತಂದಿಟ್ಟ ಠೇವಣಿ ಬ್ಯಾಂಕಿನ ಸೊತ್ತು ಎಂದು ಹೊರಗಿನವರು ತಿಳಿಯುತ್ತಾರೆ. ಅಢಾವೆ ಪತ್ರಿಕೆಯಲ್ಲಿ ಅದನ್ನು ಬರೆಯುವುದು ಹೊಣೆಯ ಕಡೆಗೆ. ಹಣ ನಮ್ಮಲ್ಲಿದೆ, ನಾವು ಅದನ್ನು ದುಡಿಸುತ್ತೇವೆ. ಆದರೂ ಅದು ನಾವು ತೀರಿಸಬೇಕಾದ ಸಾಲ. ಗಿರಾಕಿಯ ಲೆಕ್ಕವನ್ನು ಪರರಿಗೆ ಹೇಳುವಂತಿಲ್ಲ. ಪರರು ನಂಬಿ ಹೇಳಿದ ಮಾತೂ ಹಾಗೆಯೇ. ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕಕ್ಕೆ ಅದು ಗಳಿಕೆಯಲ್ಲ, ಸಾಲ. ಯಾತಕ್ಕಾಗಿ ಕೇಳುತ್ತೇನೆಂದು ಮೊದಲೇ ಹೇಳಬೇಕು. ಹೇಳಿದವರು ನಾಳೆ “ಬೇಡ, ಅಳಿಸಿಬಿಡು” ಎಂದರೆ ಅಳಿಸಲು ಸಿದ್ಧವಿರಬೇಕು. ಹೆಸರು, ಊರು, ಗುರುತು ಸಿಗುವ ಯಾವ ವಿವರವನ್ನೂ ಸ್ನೇಹಿತರ ಮುಂದೆಯೂ ಆಡಬಾರದು. ಬರೆದುದನ್ನು ಅವರಿಗೆ ಅವರ ಭಾಷೆಯಲ್ಲಿ ಓದಿಹೇಳಬೇಕು. ನಾಲ್ಕು ವಾರ ಮುಗಿದರೂ ಈ ಸಾಲ ಮುಗಿಯುವುದಿಲ್ಲ. ಕೆಲಸವನ್ನು ಮುಂದುವರಿಸುವವರ ಕೈಗೆ ಜೋಪಾನವಾಗಿ ಒಪ್ಪಿಸಿ ಬರಬೇಕು.

ಗಡಿನಾಡಿನ ಮಕ್ಕಳಿಗೆ ಇಲ್ಲೊಂದು ಅನುಕೂಲವೂ ಇದೆ. ಅವರಿಗೆ ಕನ್ನಡ, ಮಲಯಾಳ ಎರಡೂ ಬರುತ್ತವೆ. ಹಲವರಿಗೆ ತುಳು, ಕೊಂಕಣಿಯೂ ಬರುತ್ತದೆ. ಕೇರಳವು 2015ರಲ್ಲಿ, ಕರ್ನಾಟಕವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿಗಳನ್ನು ರೂಪಿಸಿದವು. ಅವುಗಳಲ್ಲಿ ಏನಿದೆ ಎಂಬುದನ್ನು ಬೇಕಾದವರಿಗೆ ಬೇಕಾದ ಭಾಷೆಯಲ್ಲಿ ತಿಳಿಸುವುದು ಯಾರ ನೋವನ್ನೂ ಕೆದಕದೆ ಮಾಡಬಹುದಾದ ಸೇವೆ.

ಆದುದರಿಂದ ಮಕ್ಕಳು ಕೇಳಿದರೆ ಕಳುಹಿಸಿರಿ ಎಂದೇ ನನ್ನ ಅಭಿಪ್ರಾಯ. ಹಿಂದಿರುಗಿದಾಗ ಸರ್ಟಿಫಿಕೇಟು ಸಿಕ್ಕಿತೇ ಎಂದು ಕೇಳುವುದು ಸಹಜ. ಅದರ ಜೊತೆಗೆ, ಯಾರ ಮಾತನ್ನು ನಂಬಿಕೆಯಿಂದ ಇಟ್ಟುಕೊಂಡು ಬಂದಿದ್ದೀಯೆ, ಅದನ್ನು ಹೇಗೆ ಕಾಯುತ್ತೀಯೆ ಎಂದೂ ಕೇಳಿರಿ. ಆದರೆ ಆ ಮಾತು ಏನೆಂದು ಮಾತ್ರ ಕೇಳಬೇಡಿ. ಅವರು ಹೇಳದೆ ಉಳಿದರೆ ಕಲಿಯಬೇಕಾದುದನ್ನು ಕಲಿತಿದ್ದಾರೆಂದು ತಿಳಿಯಿರಿ. ನಾಳೆ ನಮ್ಮದೇ ಮನೆಯ ಮಗುವೊಂದು ಮನಸ್ಸಿನಲ್ಲಿ ಬಚ್ಚಿಟ್ಟ ಮಾತನ್ನು ಹೇಳಲು ಯಾರಿದ್ದಾರೆಂದು ಸುತ್ತ ನೋಡಿದಾಗ, ಹಾಗೆ ಕೇಳಲು ಕಲಿತವರೊಬ್ಬರು ಆ ಮನೆಯಲ್ಲೇ ಇರುತ್ತಾರೆ.