ತಿಳಿದುದನ್ನೇ ಮತ್ತೆ ತಿಳಿಯುವ ಹಿಂಸೆ

ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲಿ ಸೈಕ್ಲೋಫಾಸ್ಫಮೈಡ್ ಹಳೆಯದು. ಸ್ತನದ ಕ್ಯಾನ್ಸರು, ದುಗ್ಧಗ್ರಂಥಿಗಳ ಕ್ಯಾನ್ಸರು ಮೊದಲಾದವುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ವಂಶಾವಳಿ ಮಾತ್ರ ಶುಭವಾದುದಲ್ಲ. 1917ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸೈನಿಕರ ಮೇಲೆ ಪ್ರಯೋಗವಾದ ಮಸ್ಟರ್ಡ್ ವಿಷಾನಿಲಕ್ಕೆ ನೈಟ್ರೋಜನ್ ಮಸ್ಟರ್ಡ್ ಎಂಬ ಸಮೀಪದ ಬಂಧುವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್, ಗಿಲ್‌ಮನ್ ಎಂಬ ವಿಜ್ಞಾನಿಗಳು ಅದನ್ನು ಮೊದಲು ಗಡ್ಡೆಯುಳ್ಳ ಇಲಿಗಳಲ್ಲಿ ಪರೀಕ್ಷಿಸಿದರು. 1942ರಲ್ಲಿ ಅದು ಒಬ್ಬ ರೋಗಿಗೂ ಸಂದಿತು. ಆ ವಿಷವನ್ನೇ ಪಳಗಿಸಿ 1950ರ ದಶಕದಲ್ಲಿ ಜರ್ಮನಿಯ ರಸಾಯನಜ್ಞರು ಸಿದ್ಧಪಡಿಸಿದ ರೂಪವೇ ಈ ಔಷಧ.

ದೇಹವನ್ನು ಹೊಕ್ಕಾಗ ಇದು ನಿರುಪದ್ರವಿ. ಯಕೃತ್ತು ಇದನ್ನು ಮಾರ್ಪಡಿಸಿದ ಮೇಲೆ ಇದರ ಉಗ್ರಸ್ವರೂಪ ಹೊರಬೀಳುತ್ತದೆ. ಆಗ ಇದು ಡಿ.ಎನ್.ಎ.ಯ ಎರಡು ಎಳೆಗಳನ್ನು ಗ್ವಾನೀನ್ ಎಂಬ ಘಟಕಗಳ ಬಳಿ ಒಂದಕ್ಕೊಂದು ಹೊಲಿದುಬಿಡುತ್ತದೆ. ಹೊಲಿಗೆಯನ್ನು ಬಿಡಿಸಿಕೊಳ್ಳಲಾರದ ಜೀವಕೋಶ ವಿಭಜನೆಗೊಳ್ಳಲಾರದೆ ಸಾಯುತ್ತದೆ. ಬಿಡಿಸಿಕೊಳ್ಳುವ ಭರದಲ್ಲಿ ತಪ್ಪಾಗಿ ಜೋಡಿಸಿಕೊಂಡ ಕೋಶವು ಉಳಿದು, ಆ ತಪ್ಪನ್ನು ತನ್ನ ಸಂತತಿಗೆ ಸಾಗಿಸುತ್ತದೆ. ಇದೇ ವಂಶವಾಹಿಯ ಉತ್ಪರಿವರ್ತನೆ. ಕ್ಯಾನ್ಸರನ್ನು ಕೊಲ್ಲುವ ಗುಣ ಬೇರೆ, ಕ್ಯಾನ್ಸರನ್ನು ತರುವ ಗುಣ ಬೇರೆ ಅಲ್ಲ. ಎರಡೂ ಒಂದೇ ಕ್ರಿಯೆಯ ಎರಡು ಫಲಗಳು. ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ವರ್ಷಗಳ ತರುವಾಯ ರಕ್ತದ ಅಥವಾ ಮೂತ್ರಕೋಶದ ಕ್ಯಾನ್ಸರು ತಲೆದೋರುವುದುಂಟು.

ಇಲಿಯಲ್ಲಿ ಇದನ್ನು ಕಂಡುಹಿಡಿಯುವ ಕ್ರಮ ಹೀಗಿದೆ. ಇಲಿಗೆ ಔಷಧವನ್ನು ಚುಚ್ಚುತ್ತಾರೆ. ಒಂದೆರಡು ದಿನಗಳಲ್ಲಿ ಅದನ್ನು ಕೊಂದು ತೊಡೆಯ ಮೂಳೆಯಿಂದ ಮಜ್ಜೆಯನ್ನು ತೆಗೆದು ಗಾಜಿನ ಹಲಗೆಯ ಮೇಲೆ ಸವರುತ್ತಾರೆ. ಎಳೆಯ ಕೆಂಪು ರಕ್ತಕಣವು ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರಕ್ಕೆ ತಳ್ಳುತ್ತದೆಯಷ್ಟೆ. ವರ್ಣತಂತು ಮುರಿದಿದ್ದರೆ ಅದರ ತುಣುಕು ಒಳಗೇ ಉಳಿದು, ಬಣ್ಣ ಹಾಕಿದಾಗ ಸಣ್ಣ ಚುಕ್ಕೆಯಂತೆ ತೋರುತ್ತದೆ. ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ಎಂದು ಇದರ ಹೆಸರು. ಒಂದೊಂದು ಇಲಿಯ ಸಾವಿರಾರು ಕಣಗಳನ್ನು ನೋಡಿ ಚುಕ್ಕೆಗಳನ್ನು ಎಣಿಸುತ್ತಾರೆ. 1970ರ ದಶಕದಲ್ಲಿ ರೂಪುಗೊಂಡ ಈ ಪರೀಕ್ಷೆಯನ್ನು ಹೊಸ ರಾಸಾಯನಿಕಗಳಿಗೂ ಔಷಧಗಳಿಗೂ ಇಂದು ಲೋಕದಾದ್ಯಂತ ಅನ್ವಯಿಸುತ್ತಾರೆ.

ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಸೈಕ್ಲೋಫಾಸ್ಫಮೈಡನ್ನು ಇಂದು ಇಲಿಗಳಿಗೆ ಚುಚ್ಚುವುದು ಬಹುಮಟ್ಟಿಗೆ ಅದರ ಗುಣವನ್ನು ಅರಿಯುವುದಕ್ಕಾಗಿ ಅಲ್ಲ. ಅದು ವಂಶವಾಹಿಗೆ ಹಾನಿ ಮಾಡುತ್ತದೆಂಬುದು ನಿಸ್ಸಂದೇಹವಾಗಿರುವುದರಿಂದಲೇ ಅದನ್ನು ಚುಚ್ಚುತ್ತಾರೆ! ಬೇರೊಂದು ವಸ್ತುವನ್ನು ಪರೀಕ್ಷಿಸುವಾಗ, ಪರೀಕ್ಷೆ ಸರಿಯಾಗಿ ನಡೆದಿದೆಯೆಂದು ತೋರಿಸಲು, ಹಾನಿ ಖಚಿತವಾಗಿ ಆಗುವ ಒಂದು ಗುಂಪು ಬೇಕು. ಆ ಗುಂಪಿನ ಪಾಲಿಗೆ ಪದೇ ಪದೇ ಬರುವುದು ಈ ಔಷಧ. ಸಾಮಾನ್ಯವಾಗಿ ಐದು ಇಲಿಗಳು. ತಕ್ಕಡಿ ಸರಿಯಿದೆಯೇ ಎಂದು ನೋಡಲು ಇಡುವ ಬಟ್ಟಿನ ಕಲ್ಲಿನಂತೆ ಅವು. ಕಲ್ಲಿಗೆ ಜೀವವಿಲ್ಲ, ಅಷ್ಟೇ ಭೇದ.

ಗೃಹಸ್ಥನ ಹಿಂಸೆಯನ್ನು ನಮ್ಮ ಹಿರಿಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕೆಂದರು. ಪ್ರಯೋಗಾಲಯದ ಹಿಂಸೆ ಎಲ್ಲಿಗೆ ಸೇರುತ್ತದೆ? ಪಂಚೇಂದ್ರಿಯ ಜೀವಿಯನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದರಿಂದ ಅದು ಸಂಕಲ್ಪೀ ಎನ್ನುವವರಿದ್ದಾರೆ. ರೋಗನಿವಾರಣೆಯ ವೃತ್ತಿಗೆ ಅನಿವಾರ್ಯವಾದುದರಿಂದ ಉದ್ಯೋಗೀ ಎಂದು ವಾದಿಸುವವರೂ ಇದ್ದಾರೆ. ಎರಡನೆಯ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಇಲಿಯನ್ನು ಬಿಟ್ಟರೆ ಆ ಅಪಾಯದ ಮೊದಲ ಅರಿವು ರೋಗಿಯ ದೇಹದಲ್ಲೇ ಆಗಬೇಕಾಗಿತ್ತು. ಕ್ಯಾನ್ಸರಿನ ವಾರ್ಡಿನಲ್ಲಿ ಕುಳಿತವರ ಮುಂದೆ ಈ ವಾದಕ್ಕೆ ಉತ್ತರ ಹೇಳುವುದು ಸುಲಭವಲ್ಲ. 2012ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಗ್ಲೆನ್ ಮತ್ತು ಡುಬ್ರೋವಾ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಸೈಕ್ಲೋಫಾಸ್ಫಮೈಡ್ ಮತ್ತು ಇನ್ನೆರಡು ಕ್ಯಾನ್ಸರ್ ಔಷಧಗಳನ್ನು ಪಡೆದ ಗಂಡು ಇಲಿಗಳ ಮರಿಗಳಲ್ಲಿ, ಅವು ಔಷಧವನ್ನೇ ಕಾಣದಿದ್ದರೂ, ಉತ್ಪರಿವರ್ತನೆಯ ಪ್ರಮಾಣ ಹೆಚ್ಚಿತ್ತು. ತಂದೆಯಾಗಬಯಸುವ ರೋಗಿಗೆ ಸಂಬಂಧಿಸಿದ, ಉತ್ತರ ಸ್ಪಷ್ಟವಿಲ್ಲದ ಪ್ರಶ್ನೆ ಅದು. ಅಲ್ಲಿ ಹಿಂಸೆಯಿತ್ತು, ಅಜ್ಞಾನವೂ ಇತ್ತು.

ಐದು ಇಲಿಗಳ ಗುಂಪಿನಲ್ಲಿ ಆ ಅಜ್ಞಾನವಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನೂ ಸೇರಿಸುತ್ತದೆ. ಪ್ರಮಾದವೆಂದರೆ ಕ್ರೌರ್ಯವೇ ಆಗಬೇಕಿಲ್ಲ, ಗಮನವಿಲ್ಲದಿರುವುದೂ ಪ್ರಮಾದವೇ. ಹಿಂದಿನವರು ಮಾಡಿದರು, ಪ್ರಬಂಧದ ಪರೀಕ್ಷಕರು ಕೇಳುತ್ತಾರೆ, ನಮೂನೆಯಲ್ಲಿ ಒಂದು ಅಂಕಣವಿದೆ ಎಂಬ ಕಾರಣದಿಂದ ತೆಗೆದ ಪ್ರಾಣಕ್ಕೆ ಬೇರೆ ಹೆಸರು ನನಗೆ ತೋರದು.

ಪರ್ಯಾಯಗಳಿಲ್ಲವೇ ಎಂದರೆ, ಬ್ರೂಸ್ ಏಮ್ಸ್ ರೂಪಿಸಿದ ಬ್ಯಾಕ್ಟೀರಿಯಾ ಪರೀಕ್ಷೆಯನ್ನು ಹಲವರು ಎತ್ತಿ ಹೇಳುತ್ತಾರೆ. ಆದರೆ ಯಕೃತ್ತಿಲ್ಲದೆ ಸೈಕ್ಲೋಫಾಸ್ಫಮೈಡ್ ಎಚ್ಚರಗೊಳ್ಳದು. ಆದಕಾರಣ ಆ ಬಟ್ಟಲಿಗೂ ಬಹುತೇಕ ಇಲಿ-ಹೆಗ್ಗಣಗಳ ಯಕೃತ್ತಿನ ಸಾರವನ್ನೇ ಬೆರೆಸುತ್ತಾರೆ. (ಬ್ಯಾಕ್ಟೀರಿಯಾ ಏಕೇಂದ್ರಿಯವೆಂಬ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.) ಇದಕ್ಕಿಂತ ಸರಳವಾದ ದಾರಿಯನ್ನು ವಿಜ್ಞಾನಿಗಳೇ ತೆರೆದಿದ್ದಾರೆ. ಈ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸುವ ಓ.ಇ.ಸಿ.ಡಿ. ಸಂಸ್ಥೆಯು 2014ರ ಪರಿಷ್ಕರಣದಲ್ಲಿ, ತನ್ನ ನೈಪುಣ್ಯವನ್ನು ರುಜುವಾತುಪಡಿಸಿದ ಪ್ರಯೋಗಾಲಯವು ಪ್ರತಿ ಬಾರಿಯೂ ಆ ಗುಂಪನ್ನು ಇಡಬೇಕಿಲ್ಲವೆಂದು ಒಪ್ಪಿತು. ಹಿಂದೊಮ್ಮೆ ಸವರಿ ಕಾದಿರಿಸಿದ ಗಾಜಿನ ಹಲಗೆಗಳನ್ನು ಹೊಸ ಹಲಗೆಗಳೊಂದಿಗೆ ಇಟ್ಟು ಎಣಿಸಿದರೆ ಎಣಿಸುವವರ ಕಣ್ಣಿನ ಪರೀಕ್ಷೆ ಆಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ರೂಢಿ ಬಲವಾಗಿ ಬೇರೂರಿದೆ. ನೆಲ್ಲಿಕಾಯಿಯಂತಹ ಸಸ್ಯಗಳ ಸಾರಕ್ಕೆ ರಕ್ಷಕಶಕ್ತಿಯಿದೆಯೆಂದು ತೋರಿಸಲು ಇಲಿಗಳಿಗೆ ಸೈಕ್ಲೋಫಾಸ್ಫಮೈಡಿನಿಂದ ಹಾನಿ ಮಾಡಿ, ಸಾರವನ್ನು ಕುಡಿಸಿ, ಚುಕ್ಕೆಗಳು ಎಷ್ಟು ಕಡಿಮೆಯಾದವೆಂದು ಎಣಿಸುವ ಪ್ರಬಂಧಗಳು ಹಲವು. ಇವುಗಳಲ್ಲಿ ಎಷ್ಟು ಸಾರಗಳು ರೋಗಿಯ ಹಾಸಿಗೆಯವರೆಗೆ ತಲುಪಿದವು? 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ ಅಡಿಯಲ್ಲಿ ಸಂಸ್ಥೆಗಳಲ್ಲಿ ನೈತಿಕ ಸಮಿತಿಗಳಿವೆ. ಪ್ರಯೋಗದ ಅರ್ಜಿ ಅವುಗಳ ಮುಂದೆ ಬರಲೇಬೇಕು. ಇಲಿಗಳ ಸಂಖ್ಯೆಯನ್ನು ಅರ್ಜಿಯಲ್ಲಿ ನೋಡಿದ ಸದಸ್ಯರು, ಈ ಐದರಿಂದ ನಿಮಗೆ ಗೊತ್ತಿಲ್ಲದ್ದು ಯಾವುದು ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿ, ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸಬಹುದು. ಅದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.